ಕಲ್ಲಿನ ಅಡಿಯ ಹುಳು

ಬೆಳಿಗ್ಗೆ ತೊರೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಸುಮ್ನೆ ಒಂದು ಕಲ್ಲು ಎತ್ತಿ ತಿರುಗಿಸಿದೆ. ಅಡಿಯಲ್ಲಿ ಚಪ್ಪಟೆ ಮೈಯ, ಮೂರು ಬಾಲದ ಪುಟ್ಟ ಹುಳು ಅಂಟಿಕೊಂಡಿತ್ತು. ಮೇಫ್ಲೈ ಮರಿ, ನೀರಲ್ಲಿ ಬೆಳೆದು ಆಮೇಲೆ ರೆಕ್ಕೆ ಬಂದು ಹಾರುವ ಕೀಟದ್ದು! ತುಂಬಾ ಖುಷಿಯಾಯಿತು.

ನೀರಿನ ಗುಣಮಟ್ಟ ಅಳೆಯುವ ವಿಜ್ಞಾನಿಗಳು ಇಂಥ ಹುಳುಗಳನ್ನು ಹಿಡಿದು ಎಣಿಸುತ್ತಾರೆ. ಬಾಟಲಿಯಲ್ಲಿ ತುಂಬಿಕೊಂಡ ನೀರು ಆ ಕ್ಷಣದ ಸುದ್ದಿ ಮಾತ್ರ ಹೇಳುತ್ತದೆ. ನಿನ್ನೆ ರಾತ್ರಿ ಯಾರಾದರೂ ವಿಷ ಹರಿಸಿದ್ದರೆ ಇವತ್ತಿಗೆ ಅದು ಕೊಚ್ಚಿಹೋಗಿರಬಹುದು. ಹುಳು ಹಾಗಲ್ಲ. ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ಬಂದದ್ದನ್ನೆಲ್ಲ ಅನುಭವಿಸುತ್ತದೆ. ಮೇಫ್ಲೈ, ಅದರಂತೆಯೇ ಕೊಳೆ ನೀರು ತಾಳದ ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಕೀಟಗಳ ಮರಿಗಳು ಬಗೆಬಗೆಯವು ಸಿಕ್ಕರೆ ಸಾಮಾನ್ಯವಾಗಿ ನೀರು ಚೆನ್ನಾಗಿದೆ ಎಂದೇ ಅರ್ಥ. ಬರೀ ಕೆಂಪು ಹುಳುಗಳೇ ತುಂಬಿದ್ದರೆ ಆಮ್ಲಜನಕ ಕಡಿಮೆಯಾಗಿದೆ ಎಂಬ ಅನುಮಾನ. ಆ ಕೆಂಪು ಹಿಮೋಗ್ಲೋಬಿನ್‌ನದು, ಇರುವ ಅಲ್ಪ ಆಮ್ಲಜನಕವನ್ನೂ ಹಿಡಿದುಕೊಳ್ಳಲು ನೆರವಾಗುವ ವಸ್ತು. ನಮ್ಮ ರಕ್ತಕ್ಕೆ ಬಣ್ಣ ಕೊಡುವುದೂ ಅದೇ.

ಬಿಸಿಯೂ ಲೆಕ್ಕಕ್ಕೆ ಬರುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ 7.5 ಅಷ್ಟೇ. ದಡದ ಮರ ಕಡಿದರೆ ನೆರಳು ಹೋಗುತ್ತದೆ, ನೀರು ಕಾಯುತ್ತದೆ. ಮಣ್ಣು ಸಡಿಲವಾಗಿ ಮಳೆಗೆ ಹರಿದು ಬರುತ್ತದೆ. ಆ ಹೂಳು ಕಲ್ಲುಗಳ ಸಂದು ಮುಚ್ಚಿಬಿಟ್ಟರೆ ಈ ಹುಳು ಎಲ್ಲಿಗೆ ಹೋಗಬೇಕು? ಅದನ್ನೇ ತಿಂದು ಬದುಕುವ ಮೀನು?

ಮಣ್ಣು, ನೀರು, ಜೀವಿ ಅಂತ ನಾವು ಬೇರೆ ಬೇರೆ ಪಾಠ ಓದಿದ್ದೆವು, ಅಲ್ವಾ? ಇಲ್ಲಿ ಮೂರನ್ನೂ ಬಿಡಿಸಿ ನೋಡಲು ನನಗೆ ಆಗಲೇ ಇಲ್ಲ.

ಕಲ್ಲನ್ನು ಮೊದಲಿದ್ದ ಹಾಗೇ ಮೆಲ್ಲಗೆ ಇಟ್ಟು ಬಂದೆ.