ಏತದಂತೆ ಏಳುವ ಬಾವುಟ: ಕೆರೆಯಂಚಿನ ಗಾಳಕ್ಕೆ ಮನೆಯಲ್ಲೇ ಮಾಡುವ ಸೂಚಕ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಚಳಿಗಾಲದಲ್ಲಿ ಕೆರೆಗಳು ಮೇಲಿಂದ ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ. ಅಲ್ಲಿನವರು ಮಂಜುಗಡ್ಡೆಗೆ ತೂತು ಕೊರೆದು, ಅಡ್ಡಲಾಗಿ ಮರದ ಪಟ್ಟಿ ಇಟ್ಟು, ಗಾಳ ಇಳಿಬಿಡುತ್ತಾರೆ. ಮೀನು ಎಳೆದರೆ ಬಾಗಿಸಿಟ್ಟ ಸ್ಪ್ರಿಂಗ್ ಪಟ್ಟಿ ಕಳಚಿಕೊಂಡು ಬಾವುಟ ಏಳುತ್ತದೆ. ಇದಕ್ಕೆ ಟಿಪ್-ಅಪ್ ಅನ್ನುತ್ತಾರೆ. ದಾರದ ಉರುಳೆ ನೀರಿನೊಳಗೇ ಇರುತ್ತದೆ, ಮೇಲಿದ್ದರೆ ಒದ್ದೆ ದಾರ ಹೆಪ್ಪುಗಟ್ಟಿ ತಿರುಗುವುದೇ ಇಲ್ಲ.

ಸೂಳೆಕೆರೆಗೋ ವಾಣಿವಿಲಾಸ ಸಾಗರಕ್ಕೋ ಅದನ್ನು ಹಾಗೇ ತಂದರೆ ಪ್ರಯೋಜನವಿಲ್ಲ. ನಮ್ಮಲ್ಲಿ ಉರುಳೆ ನೀರೊಳಗಿದ್ದರೆ ಕೆಸರು, ಪಾಚಿ ಸಿಕ್ಕಿ ನಿಲ್ಲುತ್ತದೆ, ಆದ್ದರಿಂದ ಅದು ನೀರಿನ ಮೇಲೇ ಇರಬೇಕು. ಇನ್ನೊಂದು, ಮಂಜುಗಡ್ಡೆ ಅಲುಗುವುದಿಲ್ಲ, ನಮ್ಮ ಕೆರೆಯ ನೀರು ಅಲುಗುತ್ತಲೇ ಇರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಅಲೆಯ ಎಳೆತಕ್ಕೆ ಏಳಬಾರದು, ಮೀನಿನ ಎಳೆತಕ್ಕೆ ಏಳಬೇಕು. ಇಡೀ ಕೆಲಸ ಈ ತೂಕ ಹೊಂದಿಸುವುದರಲ್ಲೇ ಇದೆ. ಅದಕ್ಕೆ ಸ್ಪ್ರಿಂಗ್‌ಗಿಂತ ನಮ್ಮ ಹಳೆಯ ಏತದ ಲೆಕ್ಕವೇ ಒಳ್ಳೆಯದು: ಒಂದು ತುದಿ ಇಳಿದರೆ ಇನ್ನೊಂದು ಏಳುತ್ತದೆ.

ಬೇಕಾದ ಸಾಮಾನು ಎಲೆಕ್ಟ್ರಿಕ್ ಅಂಗಡಿ, ಸೈಕಲ್ ಅಂಗಡಿಗಳಲ್ಲೇ ಸಿಗುತ್ತದೆ. ವೈರಿಂಗಿಗೆ ಬಳಸುವ 20 ಮಿಲಿಮೀಟರ್ ಪಿವಿಸಿ ಪೈಪು 50 ಸೆಂಟಿಮೀಟರ್, ಅದೇ ಅಳತೆಯ ಎರಡು ಸ್ಯಾಡಲ್ (ಪೈಪನ್ನು ಹಿಡಿದಿಡುವ ಬಾಗಿದ ಪಟ್ಟಿ), 5 ಸೆಂಟಿಮೀಟರ್ ಉದ್ದದ ಮರದ ತುಂಡು, 6 ಮಿಲಿಮೀಟರ್ ದಪ್ಪದ ಎರಡು ಉದ್ದ ಬೋಲ್ಟು, ನಟ್ಟು, ವಾಷರು. ಕಾಲಿಂಚಿನ ಸೈಕಲ್ ಬಾಲ್ಸ್ 16, ಜೊತೆಗೆ ಆರು ಹೆಚ್ಚಿಗೆ ಇಟ್ಟುಕೊಳ್ಳಿ. ಸವೆದ ಹವಾಯಿ ಚಪ್ಪಲಿ ಒಂದು, ತೆಂಗಿನ ಪೊರಕೆಯ ಕಡ್ಡಿ, ಅಂಗೈಗಿಂತ ಚಿಕ್ಕ ಕೆಂಪು ಬಟ್ಟೆ. ಗೂಟಕ್ಕೆ ಐದೂವರೆ ಅಡಿ ಗಟ್ಟಿ ಬಿದಿರು.

ಮರದ ತುಂಡಿಗೆ ಅಡ್ಡಲಾಗಿ ಬೋಲ್ಟಿನ ತೂತು ಕೊರೆಯಿರಿ. ಪೈಪಿನ ನಟ್ಟನಡುವೆ, ಅದರ ಕೆಳಗೆ ಈ ತುಂಡು ಬರುವಂತೆ ಸ್ಯಾಡಲ್ ಹಾಕಿ ಬಿಗಿಯಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಕೆಲಸ ಕಡಿಮೆಯಾಗಲೆಂದು ಬೋಲ್ಟನ್ನು ಪೈಪಿನೊಳಗೇ ತೂರಿಸಿದರೆ ಬಾಲ್ಸ್ ಉರುಳುವ ದಾರಿ ಮುಚ್ಚುತ್ತದೆ. ಸ್ಯಾಡಲಿನ ಸ್ಕ್ರೂ ಕೂಡ ಪೈಪನ್ನು ತೂರಬಾರದು. ಇರುಸು ಪೈಪಿನ ಕೆಳಗಿದ್ದರೆ ಇನ್ನೊಂದು ಅನುಕೂಲವೂ ಇದೆ: ಭಾರ ಮೇಲಿರುವುದರಿಂದ ಪೈಪು ನಡುವೆ ತೂಗಾಡುತ್ತ ನಿಲ್ಲುವುದಿಲ್ಲ, ಈ ಕಡೆ ಇಲ್ಲವೇ ಆ ಕಡೆ ಬೀಳುತ್ತದೆ.

ಚಪ್ಪಲಿಯ ರಬ್ಬರಿನಿಂದ 3 ಸೆಂಟಿಮೀಟರ್ ಉದ್ದದ ಎರಡು ಬಿರಡೆ ಕೊಯ್ಯಿರಿ. ಒಂದನ್ನು ಅರ್ಧದವರೆಗೆ ಪೈಪಿನ ಒಂದು ತುದಿಗೆ ಒತ್ತಿ, ಹೊರಗುಳಿದ ಮುಖದಲ್ಲಿ ಹಳೆಯ ಬ್ಲೇಡಿನಿಂದ 5 ಮಿಲಿಮೀಟರ್ ಆಳ ಸೀಳಿ. ದಾರ ಕಚ್ಚಿ ಕೂರುವುದು ಈ ಸೀಳಿನಲ್ಲಿ. 16 ಬಾಲ್ಸ್ ಒಳಗೆ ಹಾಕಿ, ಇನ್ನೊಂದು ತುದಿ ಮುಚ್ಚಿ, ಆ ಬಿರಡೆಗೆ 20 ಸೆಂಟಿಮೀಟರ್ ಪೊರಕೆ ಕಡ್ಡಿ ಚುಚ್ಚಿ ಬಟ್ಟೆ ಕಟ್ಟಿ. ಬಾಲ್ಸ್ ಬದಲು ಗೋಲಿ ಹಾಕುವ ಆಸೆ ಬೇಡ, ಈ ಪೈಪಿನಲ್ಲಿ ಗೋಲಿ ಸಿಕ್ಕಿಕೊಳ್ಳುತ್ತದೆ.

ಬಾಲ್ಸ್ ಏಕೆ ಅಂದರೆ, ಬಾವುಟ ಏಳುವುದಷ್ಟೇ ಸಾಲದು, ಎದ್ದ ಮೇಲೆ ನಿಲ್ಲಬೇಕು. ಕಾದಿರುವಾಗ ಬಾಲ್ಸ್ ಬಾವುಟದ ಕಡೆ ಕೂತು ಅದನ್ನು ಕೆಳಗೆ ಹಿಡಿದಿರುತ್ತವೆ. ಮೀನು ಎಳೆದು ಪೈಪು ಸಮಮಟ್ಟ ದಾಟಿದ ಕ್ಷಣ ಗಡಗಡನೆ ಗಾಳದ ಕಡೆಗೆ ಉರುಳುತ್ತವೆ. ದಾರ ಸೀಳಿನಿಂದ ಜಾರಿ ಹೋದರೂ ಬಾವುಟ ಮೇಲೇ ಇರುತ್ತದೆ. ಆ ಸದ್ದು ಮುಸ್ಸಂಜೆಯಲ್ಲೂ ಕೇಳುತ್ತದೆ.

ಬಿದಿರಿಗೆ ತೂತು ಕೊರೆಯುವಾಗ ಗೆಣ್ಣು ತಪ್ಪಿಸಿ, ತೂತಿನ ಮೇಲೂ ಕೆಳಗೂ ತಂತಿ ಸುತ್ತಿ, ಇಲ್ಲವಾದರೆ ಸೀಳುತ್ತದೆ. ಮರದ ತುಂಡಿನ ಬೋಲ್ಟನ್ನು ಈ ತೂತಿಗೆ ತೂರಿಸಿ, ಅದಕ್ಕೆ ಎರಡು ನಟ್ಟು ಒಂದಕ್ಕೊಂದು ಬಿಗಿಯಿರಿ. ಪೈಪು ಸಡಿಲವಾಗಿ ತಿರುಗಬೇಕು, ನಟ್ಟು ಕಳಚಬಾರದು. ಬಾವುಟದ ತುದಿ ಮಟ್ಟಕ್ಕಿಂತ ಸುಮಾರು 15 ಡಿಗ್ರಿಗಿಂತ ಕೆಳಗಿಳಿಯದಂತೆ ಗೂಟಕ್ಕೊಂದು ಮೊಳೆ ತಡೆಯಾಗಿರಲಿ. ಹೆಚ್ಚು ಇಳಿಯಲು ಬಿಟ್ಟರೆ ಮೀನು ಗೇಣುದ್ದ ಎಳೆಯಬೇಕಾಗುತ್ತದೆ, ಅಷ್ಟರಲ್ಲಿ ಅನುಮಾನಗೊಂಡು ಉಗುಳುತ್ತದೆ. ಗಾಳದ ತುದಿ ಮಾತ್ರ 60 ಡಿಗ್ರಿಯವರೆಗೆ ಧಾರಾಳವಾಗಿ ಇಳಿಯಲಿ. ಆಗ ಎಳೆತ ಪೈಪಿನ ನೇರಕ್ಕೆ ಬಂದು ದಾರ ತಾನಾಗಿ ಸೀಳಿನಿಂದ ಹೊರಬರುತ್ತದೆ.

ಪೈಪಿನಿಂದ ಒಂದಡಿ ಕೆಳಗೆ ಇನ್ನೊಂದು ಬೋಲ್ಟಿಗೆ ಉರುಳೆ. ಟೈಲರ್ ಬಿಸಾಡಿದ ದೊಡ್ಡ ದಾರದ ರೀಲು ಸಾಕು. 0.45 ಮಿಲಿಮೀಟರಿನ ತಂಗೂಸಿ 20 ಮೀಟರ್ ಸುತ್ತಿ, ಒಳತುದಿಯನ್ನು ರೀಲಿಗೆ ಗಂಟು ಹಾಕಿ. ಹೊರತುದಿ ಬಿರಡೆಯ ಸೀಳು ಹಾದು ನೀರಿಗಿಳಿಯುತ್ತದೆ. ರೀಲಿನ ಪಕ್ಕ ಸೈಕಲ್ ಟ್ಯೂಬಿನ ಸಣ್ಣ ವಾಷರ್ ಇದ್ದರೆ ಮೀನು ಓಡುವಾಗ ದಾರ ಬುಗುಬುಗು ಬಿಚ್ಚಿ ಸಿಕ್ಕಾಗುವುದಿಲ್ಲ.

ಈಗ ಮನೆಯಲ್ಲೇ ಪರೀಕ್ಷೆ. ಹತ್ತು ರೂಪಾಯಿ ನಾಣ್ಯ ಒಂದಕ್ಕೆ ಸುಮಾರು 7.7 ಗ್ರಾಂ ತೂಕ. ಸೀಳಿಗೆ ದಾರ ಸಿಕ್ಕಿಸಿ ತುದಿಗೆ ನಾಣ್ಯ ತೂಗುಬಿಡಿ. ಎರಡಕ್ಕೆ ಬಾವುಟ ಏಳಬಾರದು, ಮೂರಕ್ಕೆ ಏಳಬೇಕು. ಎರಡಕ್ಕೇ ಎದ್ದರೆ ಒಂದೊಂದೇ ಬಾಲ್ ಸೇರಿಸಿ, ಮೂರಕ್ಕೂ ಏಳದಿದ್ದರೆ ತೆಗೆಯಿರಿ. ಕಾಲಿಂಚಿನ ಬಾಲ್ ಸುಮಾರು ಒಂದು ಗ್ರಾಂ ತೂಗುವುದರಿಂದ ಲೆಕ್ಕ ಸುಲಭ. ಹತ್ತಕ್ಕಿಂತ ಕಡಿಮೆ ಮಾಡಿದರೆ ಎದ್ದ ಬಾವುಟ ಮತ್ತೆ ಬಿದ್ದುಬಿಡುತ್ತದೆ, ಆಗ ಬಟ್ಟೆಯನ್ನೇ ಚಿಕ್ಕದು ಮಾಡಬೇಕು. ಗಾಳಿ ಜೋರಿರುವ ದಿನ 22ರವರೆಗೆ ಹಾಕಬಹುದು.

ಗಾಳ ಮುಳುಗಲು ದಾರಕ್ಕೆ ಕಟ್ಟುವ ಸೀಸದ ಗುಂಡು 5 ಗ್ರಾಂ ದಾಟದಿರಲಿ. ಅದು ನೀರಿನಲ್ಲಿ ತೂಗುತ್ತಿರುವುದರಿಂದ ಅದರ ಭಾರವೂ ಬಾವುಟವನ್ನು ಎತ್ತುವ ಕಡೆಗೇ ಸೇರುತ್ತದೆ. 20 ಗ್ರಾಂ ಗುಂಡು ಕಟ್ಟಿ, ಮೀನಿಲ್ಲದೆ ಬಾವುಟ ಏಳುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಗುಂಡಿನಿಂದ ಗೇಣು ಕೆಳಗೆ ಕೊಕ್ಕೆ, ಕೊಕ್ಕೆ ತಳದಿಂದ ಗೇಣು ಮೇಲೆ.

ಜಾಗ ಅಂದರೆ ಜೊಂಡಿನ ಅಂಚು, ಮೊಣಕಾಲುದ್ದ ನೀರು. ಕೊರಮೀನು ಅಲ್ಲೇ ಸುಳಿಯುತ್ತದೆ. ಗೂಟ ಒಂದೂವರೆ ಅಡಿ ಕೆಸರಿಗೆ ಇಳಿಯಲಿ. ಮೊದಲು ಕೋಲಿನಿಂದ ತಳ ಮುಟ್ಟಿ ನೋಡದೆ ಹೆಜ್ಜೆ ಇಡಬೇಡಿ. ಸೂಳೆಕೆರೆಯಲ್ಲಿ ತೂಬಿನ ಹತ್ತಿರ ಗೂಟ ಬೇಡ. ಸಿದ್ದನಾಲೆ, ಬಸವನಾಲೆಗೆ ನೀರು ಬಿಟ್ಟಾಗ ಸೆಳೆತಕ್ಕೇ ಬಾವುಟ ಏಳುತ್ತದೆ. ವಾಣಿವಿಲಾಸದಲ್ಲಿ ಕಲ್ಲುನೆಲ ಸಿಕ್ಕರೆ ಗೂಟವನ್ನು ಕಲ್ಲು ತುಂಬಿದ ಪೇಂಟ್ ಡಬ್ಬಿಯಲ್ಲಿ ನಿಲ್ಲಿಸಬೇಕು. ನೀರು ಏರಿದ ವರ್ಷಗಳಲ್ಲಿ ಮುಳುಗಿದ ಜಾಲಿಪೊದೆಗಳ ಬಗ್ಗೆ ಎಚ್ಚರ. 1933ರ ನಂತರ 2022ರಲ್ಲಿ ಆ ಜಲಾಶಯ ಕೋಡಿ ಬಿದ್ದಾಗ ಎಷ್ಟೋ ಒಣನೆಲ ನೀರಿನಡಿ ಹೋಯಿತು. ಅಂಥ ಕಡೆ ದಾರ ಹತ್ತು ಮೀಟರ್ ಸಾಕು, ಹೆಚ್ಚು ಕೊಟ್ಟರೆ ಮೀನು ಮುಳ್ಳಿಗೆ ಸುತ್ತಿ ಹರಿದುಕೊಂಡು ಹೋಗುತ್ತದೆ.

ಎರೆಹುಳುವಿಗೆ ಗಿರ್ಲು, ಜಿಲೇಬಿ (ತಿಲಾಪಿಯ) ಮೀನುಗಳು ಬರುತ್ತವೆ, ಬಾವುಟ ಎದ್ದ ಕೂಡಲೇ ಎಳೆಯಿರಿ. ಸಣ್ಣ ಮೀನು ಕಟ್ಟಿ ಕೊರಮೀನಿಗೆ ಕಾದಿದ್ದರೆ ಆತುರ ಬೇಡ. ಅದು ಮೊದಲು ಕಚ್ಚಿ ಓಡುತ್ತದೆ, ನಿಂತು ನುಂಗುತ್ತದೆ, ಮತ್ತೆ ಓಡುತ್ತದೆ. ಆ ಎರಡನೇ ಓಟಕ್ಕೆ ಎಳೆಯಬೇಕು. ದಾರವನ್ನು ಕೈಯಿಂದಲೇ ಎಳೆಯುವುದರಿಂದ ಬಟ್ಟೆಯ ಗ್ಲೌಸ್ ಇರಲಿ, ತಂಗೂಸಿ ಬೆರಳು ಕೊಯ್ಯುತ್ತದೆ. ಗಿರ್ಲಿನ ಬೆನ್ನಿನ, ಪಕ್ಕದ ಮುಳ್ಳಿಗೂ ಅದೇ ರಕ್ಷೆ.

ಕೊರಮೀನಿನ ಕೆಂಪಗಿನ ಸಣ್ಣ ಮರಿಗಳ ಗುಂಪು ನೀರ ಮೇಲೆ ಕಂಡರೆ ಅಲ್ಲಿ ಗಾಳ ಹಾಕಲೇಬೇಡಿ. ಕೆಳಗೆ ತಾಯಿತಂದೆ ಕಾಯುತ್ತಿರುತ್ತವೆ, ಅವನ್ನು ತೆಗೆದರೆ ಇಡೀ ಗುಂಪು ಬೇರೆ ಮೀನುಗಳ ಪಾಲು. ಕೆರೆ ಗುತ್ತಿಗೆಯಲ್ಲಿದ್ದರೆ ಗುತ್ತಿಗೆದಾರರನ್ನು, ಜಲಾಶಯವಾದರೆ ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಗೂಟ ಹೂಡಿ. ಒಬ್ಬರಿಗೆ ಮೂರು ಬಾವುಟ ಸಾಕು, ಮೂರೂ ಕಣ್ಣಳತೆಯಲ್ಲಿರಬೇಕು. ಬಿಟ್ಟು ಹೋದ ಗಾಳಕ್ಕೆ ಆಮೆ, ನೀರುಕಾಗೆ ಸಿಕ್ಕಿ ಸಾಯುತ್ತವೆ.

ಮನೆಗೆ ಬಂದ ಮೇಲೆ ಒಂದು ಬಿರಡೆ ತೆಗೆದು ಬಾಲ್ಸ್ ಸುರಿದು ಒರೆಸಿಡಿ. ಒಳಗೆ ತೇವ ಉಳಿದರೆ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗ್ರೀಸ್ ಹಚ್ಚಿದರೂ ಅದೇ ಗತಿ, ಉರುಳುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ ಹಳೆಯ ಮಾತ್ರೆ ಡಬ್ಬಿಯಲ್ಲಿ ಹಾಕಿಟ್ಟರೆ ಸಾಕು. ಚಪ್ಪಲಿ ಬಿರಡೆಯ ಸೀಳು ಬಾಯಿ ಬಿಟ್ಟು ದಾರ ನಿಲ್ಲದಿದ್ದರೆ ಅದರ ಪಕ್ಕದಲ್ಲೇ ಹೊಸದೊಂದು ಸೀಳು ಹಾಕಿಕೊಳ್ಳಿ.