ಲ ಪೋತ್ರನ ಎಲೆ ಕೊನೆಗೂ ಸುರುಳಿಕೊಂಡಿತು

ಲ ಪೋತ್ರನ ಬಳ್ಳಿಪಟ್ಟಿಯೊಂದನ್ನು ತಾಮ್ರದ ತಗಡಿನ ಮೇಲೆ ನಕಲು ಮಾಡುತ್ತಿದ್ದೇನೆ. ಅದರ ಹೊಸ ಪ್ರೂಫ್ (ಪರೀಕ್ಷಾ ಮುದ್ರಣ) ಬಂದಿದೆ. ಅಲಂಕಾರದ ಅಕಾಂಥಸ್ ಎಲೆಯ ತುದಿ ನಿಜಕ್ಕೂ ಒಳಕ್ಕೆ ಸುರುಳಿಕೊಂಡಿದೆ! ಇದುವರೆಗೆ ಬರುತ್ತಿದ್ದದ್ದು ತಂತಿ ಬಗ್ಗಿಸಿ ಮಾಡಿದಂಥ ಎಲೆ.

ಪ್ಯಾರಿಸ್‌ನ ಜಾನ್ ಲ ಪೋತ್ರ (1618–1682) ಎರಡು ಸಾವಿರಕ್ಕೂ ಹೆಚ್ಚು ಎಚಿಂಗ್ (ತಗಡಿಗೆ ಲೇಪ ಹಚ್ಚಿ, ಸೂಜಿಯಿಂದ ಗೆರೆ ಎಳೆದು, ಆಮ್ಲದಲ್ಲಿ ಕೊರೆಸಿ ಒತ್ತುವ ಚಿತ್ರ) ಮಾಡಿದವನು: ಚಾವಣಿ, ಅಗ್ಗಿಷ್ಟಿಕೆ, ಹೂದಾನಿ, ಬಳ್ಳಿಪಟ್ಟಿ. ಕುಶಲಕರ್ಮಿಗಳಿಗೆ ಮಾದರಿಯಾಗಿದ್ದ ಈ ಹಾಳೆಗಳನ್ನು ಸಂಗ್ರಹಕಾರರು ಆಲ್ಬಂಗಳಾಗಿ ಕಟ್ಟಿಸಿಟ್ಟರು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ಅವನ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಕೊಡುತ್ತದೆ. ನನ್ನ ತಲೆನೋವು ಶುರುವಾದದ್ದು ಆ ಔದಾರ್ಯದಿಂದಲೇ. ಹಿಗ್ಗಿಸಿ ನೋಡಿದರೆ ಗೆರೆ ಸಪೂರವಾಗಿ ಹುಟ್ಟುತ್ತದೆ, ನೆರಳಿನಲ್ಲಿ ಉಬ್ಬುತ್ತದೆ, ಮತ್ತೆ ಸಪೂರವಾಗಿ ಮುಗಿಯುತ್ತದೆ. ನನ್ನ ಸೂಜಿಯ ಗೆರೆಗೆ ಆ ಉಬ್ಬೇ ಇಲ್ಲ. ಎರಡೂ ತುದಿ ಮೊಂಡು.

ಹಂತಹಂತವಾಗಿ ವಾರ್ನಿಷ್ ಮುಚ್ಚಿ, ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದರೆ ಗೆರೆ ದಪ್ಪವಾಗುತ್ತದೆ, ನಿಜ. ಆದರೆ ಮೆಟ್ಟಿಲುಮೆಟ್ಟಿಲಾಗಿ. ಉತ್ತರ ಸಿಕ್ಕಿದ್ದು ಫ್ರೆಂಚ್ ಎಚಿಂಗ್ ಕಲಾವಿದ ಅಬ್ರಹಾಂ ಬಾಸ್ 1645ರಲ್ಲಿ ಬರೆದ ಕೈಪಿಡಿಯಲ್ಲಿ. ಎಚಿಂಗ್ ನೋಡಲು ಬ್ಯೂರಿನ್ ಎಂಬ ಉಳಿಯಿಂದ ಕೊರೆದಂತೆಯೇ ಇರಬೇಕು ಎಂಬುದು ಆ ಮಹಾಶಯನ ಹಟ. ಅದಕ್ಕೆ ಅವನ ಉಪಕರಣ ಎಶಾಪ್: ತುದಿಯನ್ನು ಓರೆಯಾಗಿ ಸಾಣೆ ಹಿಡಿದ ದಪ್ಪ ಸೂಜಿ. ಎಳೆಯುತ್ತಲೇ ಬೆರಳಲ್ಲಿ ಹೊರಳಿಸಿದರೆ ಗೆರೆ ತಾನಾಗಿ ಉಬ್ಬುತ್ತದೆ.

ಉಬ್ಬಿತು. ಜೊತೆಗೇ ಗ್ರೌಂಡ್, ಅಂದರೆ ತಗಡಿನ ಮೇಲಿನ ಲೇಪ, ಚಕ್ಕೆಚಕ್ಕೆಯಾಗಿ ಎದ್ದಿತು. ‘ಹಾರ್ಡ್ ಗ್ರೌಂಡ್’ ಎಂದು ಅಂಗಡಿಯವರು ಕಳುಹಿಸಿದ ಡಬ್ಬಿಯಲ್ಲಿ ಗಟ್ಟಿಯಾಗಿದ್ದದ್ದು ಬೆಲೆ ಮಾತ್ರ. ದೂರು ಕೊಟ್ಟರೆ “ಚೆನ್ನಾಗಿ ಕಲಕಿ ಸರ್” ಎಂಬ ಉತ್ತರ. ತಾಮ್ರದ ಹಾಳೆಯೂ ಗೀರುಗಳ ಸಮೇತವೇ ಬಂದಿತ್ತು. ಅದಕ್ಕೆ ಪ್ರತ್ಯೇಕ ಶುಲ್ಕ ಹಾಕಲಿಲ್ಲ, ಪುಣ್ಯ.

ಕೊನೆಗೆ ಬಾಸ್‌ನ ದಾರಿಯನ್ನೇ ಹಿಡಿದೆ. ಅವನ ಗ್ರೌಂಡ್ ಎಂದರೆ ರಾಳ ಮತ್ತು ಅಕ್ರೋಟ್ ಎಣ್ಣೆ ಕುದಿಸಿದ ವಾರ್ನಿಷ್. ಹಚ್ಚಿದ ತಗಡನ್ನು ಕೆಂಡದ ಮೇಲೆ ಕಾಯಿಸಬೇಕು. ನಾನು ಅಗಸೆ ಎಣ್ಣೆ ಬಳಸಿದೆ, ಅದೂ ಒಣಗುವ ಎಣ್ಣೆಯೇ. ಕಾಯಿಸಿದ್ದು ಅಂಗಳದಲ್ಲಿ, ಏಕೆಂದರೆ ಆ ವಾಸನೆಯನ್ನು ಮನೆಯವರು ಕ್ಷಮಿಸುವುದಿಲ್ಲ. ಬಣ್ಣ ಕಂದುಗಟ್ಟಿದ ಮೇಲೆ ಒತ್ತೊತ್ತಾಗಿ ಗೆರೆ ಎಳೆದರೂ ಅಂಚು ಅಲುಗಲಿಲ್ಲ. ಇದ್ದಲಿನ ಕಾವನ್ನು ಸಮನಾಗಿ ಇಡುವುದೇ ಕಷ್ಟ: ತಗಡಿನ ನಡುವೆ ಹದ ಬಂದಾಗ ಮೂಲೆ ಇನ್ನೂ ಅಂಟಂಟು. ಮೂಲೆಗಳನ್ನು ಆಮೇಲೆ ಕತ್ತರಿಸಿದರಾಯಿತು.

ಅಂದಹಾಗೆ, ಮುಂದಿನದು ಜಾನ್ ಬೆರೈನ್. ಹದಿನಾಲ್ಕನೇ ಲೂಯಿಯ ಆಸ್ಥಾನದ ವಿನ್ಯಾಸಕಾರ. ಅವನ ಬಳ್ಳಿಗಳ ನಡುವೆ ಮಂಗಗಳು ಆಡುತ್ತವೆ. ಅಳತೆಯ ಚೌಕ ಆಗಲೇ ಎಳೆದಿಟ್ಟಿದ್ದೇನೆ. ಲ ಪೋತ್ರನ ಪಟ್ಟಿಯ ಎಡಭಾಗ ಇನ್ನೂ ಖಾಲಿ ಎಂದು ಯಾರೂ ನೆನಪಿಸಬೇಡಿ. ಕೆಂಡದ ಬದಲು ಕರೆಂಟಿನ ಹಾಟ್‌ಪ್ಲೇಟ್‌ನಲ್ಲಿ ಕಾಯಿಸಿ ನೋಡಿದವರಿದ್ದರೆ ಉಷ್ಣಾಂಶ ತಿಳಿಸಿ.