ಅಲಬಾಮಾದ ಎರೆನೆಲದಲ್ಲಿ ಮೂರು ದಿನ

ಅಟ್ಲಾಂಟಾದಲ್ಲಿ ನೆಲೆಸಿರುವ ತಂಗಿಯ ಮನೆಗೆ ಹೋಗಿದ್ದಾಗ, ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಆಬರ್ನ್ ಅವೆನ್ಯೂವಿನ ಮನೆಯನ್ನು ಹೊರಗಿನಿಂದ ನೋಡಿ, ಅಲ್ಲೇ ಸಮೀಪದ ಕೊಳದ ನಡುವೆ ಇರುವ ಅವರ ಮತ್ತು ಪತ್ನಿ ಕೊರೆಟಾ ಅವರ ಸಮಾಧಿಯ ಮುಂದೆ ನಿಂತು ಬಂದಿದ್ದೆ. ಆದರೆ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಇದ್ದದ್ದು ಪಕ್ಕದ ಅಲಬಾಮಾ ರಾಜ್ಯ. ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಭಾಷಣಗಳನ್ನು ಜಗತ್ತೆಲ್ಲ ಕೇಳಿದೆ. ಆ ಭಾಷಣಗಳ ಹಿಂದೆ ರಾತ್ರಿಯಿಡೀ ಕೂತು ಬರೆದವರು, ಟೈಪು ಮಾಡಿದವರು, ಕರಪತ್ರ ಹಂಚಿದವರು ಓಡಾಡಿದ ನೆಲವನ್ನು ಒಮ್ಮೆ ನೋಡಬೇಕೆಂದು ತಂಗಿಗೆ ಹೇಳಿದೆ. ಅವಳು ಮೂರು ದಿನ ರಜೆ ಹಾಕಿ ಕಾರು ತೆಗೆದಳು.

ಪಶ್ಚಿಮಕ್ಕೆ ಹೊರಟು ರಾಜ್ಯದ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಮೊದಲ ಊರು ಬರ್ಮಿಂಗ್‌ಹ್ಯಾಮ್. ಅಲ್ಲಿನ ಕೆಲ್ಲಿ ಇನ್‌ಗ್ರಾಮ್ ಉದ್ಯಾನದ ಕಾಲುದಾರಿಯ ಎರಡು ಬದಿಗಳಿಂದಲೂ ಲೋಹದ ಪೊಲೀಸ್ ನಾಯಿಗಳು ನಡೆಯುವವರ ಮೈಮೇಲೆ ಎಗರುವಂತೆ ಶಿಲ್ಪವೊಂದನ್ನು ನಿಲ್ಲಿಸಿದ್ದಾರೆ. 1963ರ ಮೇ ತಿಂಗಳಿನಲ್ಲಿ ಇಲ್ಲಿ ಪ್ರತಿಭಟನೆಗಿಳಿದ ಶಾಲೆಯ ಮಕ್ಕಳ ಮೇಲೆ ನಾಯಿಗಳನ್ನೂ ಅಗ್ನಿಶಾಮಕ ದಳದ ನೀರಿನ ಕೊಳವೆಗಳನ್ನೂ ಬಿಟ್ಟಿದ್ದರು. ಉದ್ಯಾನದ ಎದುರಿಗಿರುವ ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅದೇ ವರ್ಷದ ಸೆಪ್ಟೆಂಬರ್ 15ರ ಭಾನುವಾರ ಬೆಳಿಗ್ಗೆ ಬಾಂಬು ಸಿಡಿದು ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್, ಡೆನಿಸ್ ಮೆಕ್‌ನೇರ್ ಎಂಬ ನಾಲ್ವರು ಹುಡುಗಿಯರು ಸತ್ತರು. ಡೆನಿಸ್‌ಗೆ ಹನ್ನೊಂದು ವರ್ಷ. ಉಳಿದ ಮೂವರಿಗೂ ಹದಿನಾಲ್ಕು. ಅಲ್ಲಿ ನಮ್ಮಿಬ್ಬರ ನಡುವೆ ಮಾತು ನಿಂತುಹೋಯಿತು.

ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಕಿಂಗ್ ಅವರನ್ನು ಇಟ್ಟಿದ್ದ ಜೈಲುಕೋಣೆಯ ಕಂಬಿಗಳಿವೆ. 1963ರ ಏಪ್ರಿಲ್‌ನಲ್ಲಿ, ಪ್ರತಿಭಟನೆಗೆ ಇದು ಸಕಾಲವಲ್ಲ ಎಂದು ಎಂಟು ಮಂದಿ ಬಿಳಿಯ ಧರ್ಮಗುರುಗಳು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟಾಗ, ಕಿಂಗ್ ಈ ಕಂಬಿಗಳ ಹಿಂದೆ ಕೂತು ಉತ್ತರ ಬರೆಯತೊಡಗಿದರು. ಕಾಗದವಿರಲಿಲ್ಲ. ವೃತ್ತಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ ಆರಂಭವಾದ ಬರಹ ಚೂರುಪಾರು ಕಾಗದಗಳಲ್ಲಿ ಮುಂದುವರಿದು, ಕೊನೆಗೆ ವಕೀಲರು ತಂದುಕೊಟ್ಟ ಹಾಳೆಗಳಲ್ಲಿ ಮುಗಿಯಿತು. ‘ಕಾಯಿರಿ’ ಎಂಬ ಮಾತು ತಮ್ಮ ಜನರ ಕಿವಿಗೆ ಹೆಚ್ಚುಕಡಿಮೆ ಯಾವಾಗಲೂ ‘ಎಂದಿಗೂ ಇಲ್ಲ’ ಎಂದೇ ಕೇಳಿಸಿದೆ ಎಂದು ಅವರು ಬರೆದದ್ದು ಆ ಪತ್ರದಲ್ಲಿಯೇ. ಹೊರಗೆ ಸಾಗಿಸಿದ ಆ ಚೂರುಗಳ ಕೈಬರಹವನ್ನು ಬಿಡಿಸಿ ಬಿಡಿಸಿ ಟೈಪು ಮಾಡಿದವರು ವಿಲ್ಲಿ ಪರ್ಲ್ ಮ್ಯಾಕಿ ಎಂಬ ಕಾರ್ಯದರ್ಶಿ. ಪತ್ರದ ಹೆಸರು ಬಂದಾಗಲೆಲ್ಲ ಅವರ ಹೆಸರೂ ಬರಬೇಕೆಂದು ನನಗೆ ಅನಿಸುತ್ತದೆ.

ಎರಡನೆಯ ದಿನ ರಾಜಧಾನಿ ಮಾಂಟ್ಗೊಮರಿ. 1955ರ ಡಿಸೆಂಬರ್ 1ರ ಸಂಜೆ ರೋಸಾ ಪಾರ್ಕ್ಸ್ ಬಸ್ಸು ಹತ್ತಿದ ಕೋರ್ಟ್ ಸ್ಕ್ವೇರ್‌ನಲ್ಲಿ ಈಗ ಅವರ ಪ್ರತಿಮೆಯಿದೆ. ಅದಕ್ಕೂ ನೂರು ವರ್ಷ ಮೊದಲು ಇದೇ ಚೌಕದಲ್ಲಿ ಮನುಷ್ಯರನ್ನು ಹರಾಜು ಕೂಗಿ ಮಾರುತ್ತಿದ್ದರು. ದುಡಿದು ದಣಿದ ಹೊಲಿಗೆಯ ಹೆಂಗಸೊಬ್ಬರು ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲಿಲ್ಲ ಎಂಬ ಕತೆಯನ್ನು ನಾವು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ಆದರೆ ಅವರು ಅಷ್ಟರಲ್ಲಾಗಲೇ ವರ್ಷಗಟ್ಟಲೆ ಕಪ್ಪು ಜನರ ಹಕ್ಕುಗಳ ಸಂಘಟನೆಯೊಂದರ ಕಾರ್ಯದರ್ಶಿಯಾಗಿ ದುಡಿದಿದ್ದವರು ಎಂಬುದು ಆ ಕತೆಯಲ್ಲಿ ಮರೆಯಾಗುತ್ತದೆ. ಅವರಿಗಿಂತ ಒಂಬತ್ತು ತಿಂಗಳು ಮೊದಲೇ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದರ ಹುಡುಗಿ ಅದೇ ಕಾರಣಕ್ಕೆ ಬಂಧನಕ್ಕೊಳಗಾಗಿದ್ದಳು.

ನಾನು ಈ ಊರಿಗೆ ಬಂದದ್ದು ಮುಖ್ಯವಾಗಿ ಜೋ ಆ್ಯನ್ ರಾಬಿನ್‌ಸನ್ ಅವರಿಗಾಗಿ. ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದ ಅವರನ್ನು 1949ರಲ್ಲಿ ಬಸ್ ಚಾಲಕನೊಬ್ಬ ಅವಮಾನಿಸಿ ಕೆಳಗಿಳಿಸಿದ್ದ. 1954ರ ಮೇ 21ರಂದು ಅವರು ಮಹಿಳಾ ರಾಜಕೀಯ ಮಂಡಳಿಯ ಅಧ್ಯಕ್ಷೆಯಾಗಿ ಮೇಯರ್‌ಗೆ ಪತ್ರ ಬರೆದು, ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ ಇರುವುದನ್ನು ನೆನಪಿಸಿ, ಬಸ್ಸು ಹತ್ತದಿರುವ ಆಲೋಚನೆ ಊರಿನಲ್ಲಿ ನಡೆದಿದೆ ಎಂದು ಸೌಜನ್ಯದಿಂದಲೇ ತಿಳಿಸಿದ್ದರು. ಪಾರ್ಕ್ಸ್ ಅವರ ಬಂಧನದ ಸುದ್ದಿ ತಲುಪಿದ ರಾತ್ರಿ ರಾಬಿನ್‌ಸನ್ ಕಾಲೇಜಿಗೆ ಹೋಗಿ, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಸೇರಿ, ಒಂದು ಹಾಳೆಯಲ್ಲಿ ಮೂರು ಕರಪತ್ರ ಬರುವಂತೆ ಸ್ಟೆನ್ಸಿಲ್ ಕೊರೆದು, ಬೆಳಗಾಗುವುದರೊಳಗೆ ಹತ್ತಾರು ಸಾವಿರ ಪ್ರತಿಗಳನ್ನು ಸೈಕ್ಲೋಸ್ಟೈಲ್ ಮಾಡಿದರು. ಬೆಳಗಿನ ತರಗತಿಗೆ ಪಾಠ ಹೇಳಿ, ನಂತರ ಊರೆಲ್ಲ ಸುತ್ತಿ ಹಂಚಿದರು. ಡಿಸೆಂಬರ್ 5ರಂದು ಆರಂಭವಾದ ಬಹಿಷ್ಕಾರ 381 ದಿನ ನಡೆಯಿತು. ಅದರ ನಾಯಕರಾಗಿ ಆಯ್ಕೆಯಾದ, ಡೆಕ್ಸ್‌ಟರ್ ಅವೆನ್ಯೂ ಚರ್ಚಿನ ಯುವ ಪಾದ್ರಿ ಕಿಂಗ್ ಅವರಿಗೆ ಆಗ ಇಪ್ಪತ್ತಾರು ವರ್ಷ.

ಊರಿನ ಎತ್ತರದ ಜಾಗದಲ್ಲಿ, 2018ರಲ್ಲಿ ತೆರೆದ ಸ್ಮಾರಕವೊಂದಿದೆ. ಬಿಳಿಯರ ಗುಂಪುಗಳು ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ನೆನಪಿಗೆ ಎಂಟುನೂರಕ್ಕೂ ಮಿಕ್ಕಿದ ತುಕ್ಕು ಬಣ್ಣದ ಉಕ್ಕಿನ ಕಂಬಗಳು. ಒಂದೊಂದು ಕೌಂಟಿಗೆ, ಅಂದರೆ ಜಿಲ್ಲೆಗೆ, ಒಂದೊಂದು. ಒಳಗೆ ನಡೆದಂತೆ ನೆಲ ಇಳಿಯುತ್ತದೆ, ಕಂಬಗಳು ತಲೆಯ ಮೇಲೆ ತೂಗಾಡುತ್ತವೆ. ಅಲ್ಲಿ ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರ ಹೆಸರಿನಲ್ಲೂ ಒಂದು ಜಾಗವಿದೆ. 1892ರಲ್ಲಿ ಮೆಂಫಿಸ್‌ನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ ಗೆಳೆಯನನ್ನೂ ಅವನ ಇಬ್ಬರು ಸಂಗಡಿಗರನ್ನೂ ಹೀಗೆಯೇ ಕೊಂದಾಗ ವೆಲ್ಸ್ ತಮ್ಮ ಪತ್ರಿಕೆಯಲ್ಲಿ ಬರೆದರು. ಗುಂಪೊಂದು ಆ ಪತ್ರಿಕೆಯ ಕಚೇರಿಯನ್ನೇ ನಾಶಮಾಡಿತು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಯಾರೂ ಅಲ್ಲಗಳೆಯಲಾಗದಂತೆ, ಬಿಳಿಯರ ಪತ್ರಿಕೆಗಳೇ ಪ್ರಕಟಿಸಿದ್ದ ಅಂಕಿಅಂಶಗಳನ್ನು ಆಧಾರವಾಗಿಟ್ಟುಕೊಂಡು ಬರೆದರು.

ಮೂರನೆಯ ದಿನ ಹೆದ್ದಾರಿ 80ರಲ್ಲಿ ಸೆಲ್ಮಾದ ಕಡೆಗೆ. ನಾನು ಧಾರವಾಡದ ಕಡೆಯವಳು. ರಸ್ತೆ ಪಕ್ಕದ ಕಡಿದ ದಿಬ್ಬಗಳಲ್ಲಿ ಕಪ್ಪು ಮಣ್ಣು ಕಂಡಾಗ ಇದು ಎರೆನೆಲವೆಂದು ಕಣ್ಣು ತಾನಾಗಿ ಗುರುತಿಸಿತು. ಈ ಪ್ರದೇಶಕ್ಕೆ ‘ಕಪ್ಪು ಪಟ್ಟಿ’ ಎಂಬ ಹೆಸರು ಬಂದದ್ದೂ ಈ ಮಣ್ಣಿನಿಂದಲೇ. ಹತ್ತಿ ಬೆಳೆಯಲು ಇದಕ್ಕಿಂತ ಒಳ್ಳೆಯ ನೆಲವಿಲ್ಲವೆಂದು ಲಕ್ಷಾಂತರ ಗುಲಾಮರನ್ನು ದಕ್ಷಿಣದ ಇಂಥ ನೆಲಗಳಿಗೆ ಸಾಗಿಸಿದ್ದರು. ದಾರಿಯಲ್ಲಿ ಸಿಗುವ ಲೌಂಡ್ಸ್ ಕೌಂಟಿಯಲ್ಲಿ ಹತ್ತರಲ್ಲಿ ಎಂಟು ಮಂದಿ ಕಪ್ಪು ಜನರಿದ್ದರೂ 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಹೆಸರು ಬರೆಸಿದವರನ್ನು ಜಮೀನುದಾರರು ಮನೆಯಿಂದ ಹೊರಗೆ ಹಾಕಿದರು. ಆ ಕುಟುಂಬಗಳು ಹೆದ್ದಾರಿಯ ಪಕ್ಕದ ಡೇರೆಗಳಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಬದುಕಿದವು. ಡೇರೆಗಳಿದ್ದ ಜಾಗದಲ್ಲಿ ಈಗ ಮಾಹಿತಿ ಕೇಂದ್ರವಿದೆ. ನಾವು ಅಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಕಳೆದೆವು.

ಅಷ್ಟು ಹೊತ್ತು ನನ್ನನ್ನು ಹಿಡಿದಿಟ್ಟದ್ದು ಒಂದು ಚುನಾವಣಾ ಚಿಹ್ನೆ. ಅಕ್ಷರ ಬಾರದ ಮತದಾರರಿಗಾಗಿ ಇಲ್ಲಿನ ಮತಪತ್ರದಲ್ಲೂ ನಮ್ಮಲ್ಲಿಯಂತೆ ಪಕ್ಷದ ಚಿತ್ರವಿರುತ್ತಿತ್ತು. ಆಳುವ ಪಕ್ಷದ ಹುಂಜದ ಚಿತ್ರದೊಡನೆ ಬಿಳಿಯರ ಮೇಲುಗೈಯನ್ನು ಸಾರುವ ಘೋಷಣೆಯೂ ಅಚ್ಚಾಗುತ್ತಿತ್ತು. ಅದಕ್ಕೆ ಎದುರಾಗಿ, ಸ್ಥಳೀಯರಾದ ಜಾನ್ ಹ್ಯೂಲೆಟ್ ಮತ್ತು ಹೊರಗಿನಿಂದ ಬಂದ ಯುವಕ ಸ್ಟೋಕ್ಲಿ ಕಾರ್ಮೈಕಲ್ ಮುಂತಾದವರು ಕಟ್ಟಿದ ಪಕ್ಷ ಕರಿಚಿರತೆಯನ್ನು ಚಿಹ್ನೆಯಾಗಿ ಆರಿಸಿಕೊಂಡಿತು. 1966ರಲ್ಲಿ ಅವರ ಅಭ್ಯರ್ಥಿಗಳು ಸೋತರು. ಆದರೆ ಆ ಚಿರತೆ ಅದೇ ವರ್ಷ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ಗೆ ಹೋಗಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರಾಯಿತು. 1972ರಲ್ಲಿ ಮುಂಬಯಿಯ ಮರಾಠಿ ಕವಿಗಳು ಆ ಹೆಸರನ್ನೇ ತೆಗೆದುಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಅದೇ ದಶಕದಲ್ಲಿ ನಮ್ಮ ನಾಡಿನಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಾಗ ಅದರ ಮುಂಚೂಣಿಯಲ್ಲಿದ್ದವರಲ್ಲಿ ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಅವರಂಥ ಬರಹಗಾರರಿದ್ದರು. ಓದಲು ಬಾರದವರಿಗೆಂದು ಈ ಎರೆನೆಲದಲ್ಲಿ ಬರೆದ ಚಿತ್ರವೊಂದು ಕವಿಗಳ ಕೈಗೆ ಸಿಕ್ಕಿ ನಮ್ಮ ಪಕ್ಕದ ಭಾಷೆಯವರೆಗೆ ಬಂದಿತ್ತು. 1970ರಲ್ಲಿ ಹ್ಯೂಲೆಟ್ ಇದೇ ಕೌಂಟಿಯ ಷೆರಿಫ್ ಆಗಿ, ಅಂದರೆ ಜನರೇ ಆರಿಸುವ ಪೊಲೀಸ್ ಮುಖ್ಯಸ್ಥರಾಗಿ, ಗೆದ್ದರು.

ಮಧ್ಯಾಹ್ನ ಸೆಲ್ಮಾ. ಎಡ್ಮಂಡ್ ಪೆಟಸ್ ಸೇತುವೆ ನಡುವೆ ಉಬ್ಬಿಕೊಂಡಿದೆ. ತುದಿಯವರೆಗೆ ಏರುವ ತನಕ ಆಚೆ ಬದಿ ಕಾಣುವುದಿಲ್ಲ. 1965ರ ಮಾರ್ಚ್ 7ರಂದು ಜಾನ್ ಲೂಯಿಸ್ ಮತ್ತು ಹೊಸಿಯಾ ವಿಲಿಯಮ್ಸ್ ಎಂಬ ಹೋರಾಟಗಾರರ ಹಿಂದೆ, ಮತದಾನದ ಹಕ್ಕಿಗಾಗಿ ಮಾಂಟ್ಗೊಮರಿಯ ಕಡೆಗೆ ನಡೆದ ಸುಮಾರು 600 ಜನರಿಗೂ ಲಾಠಿ ಹಿಡಿದು ಸಾಲಾಗಿ ನಿಂತಿದ್ದ ಪೊಲೀಸರು ಕಂಡದ್ದು ಆ ಏರನ್ನು ಮುಟ್ಟಿದ ಮೇಲೆಯೇ. ಆದರೂ ನಡೆದು ಬಂದವರು ಹಿಂದೆ ಸರಿಯಲಿಲ್ಲ. ಲಾಠಿಯ ಏಟಿಗೆ ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಗುಲಾಮಗಿರಿಯ ಪರವಾಗಿ ಯುದ್ಧ ಮಾಡಿದ ಸೇನಾಧಿಕಾರಿಯ ಹೆಸರು ಕಮಾನಿನ ಮೇಲೆ ಇಂದಿಗೂ ದಪ್ಪಕ್ಷರಗಳಲ್ಲಿದೆ.

ಸೇತುವೆಯಿಂದ ನಡೆದು ಡಲ್ಲಾಸ್ ಕೌಂಟಿಯ ನ್ಯಾಯಾಲಯದ ಮುಂದೆ ಬಂದೆವು. ಮತದಾರರ ನೋಂದಣಿ ಕಚೇರಿ ಆಗ ತಿಂಗಳಿಗೆ ಎರಡೇ ದಿನ ತೆರೆಯುತ್ತಿತ್ತು. ಓದುಬರಹದ ಪರೀಕ್ಷೆಯ ನೆಪದಲ್ಲಿ ಕಪ್ಪು ಜನರನ್ನು ಹಿಂದಕ್ಕೆ ಕಳಿಸುತ್ತಿದ್ದರು. 1965ರ ಜನವರಿ 22ರಂದು ಇಲ್ಲಿಗೆ ಊರಿನ ನೂರಕ್ಕೂ ಹೆಚ್ಚು ಕಪ್ಪು ಶಿಕ್ಷಕರು ಪಾದ್ರಿ ಎಫ್. ಡಿ. ರೀಸ್ ಅವರ ಮುಂದಾಳುತನದಲ್ಲಿ ಮೆರವಣಿಗೆ ಬಂದರು. ಊರಿನ ಮಕ್ಕಳಿಗೆ ಅಕ್ಷರ ಕಲಿಸಿದವರೇ ಅಕ್ಷರ ಬಾರದವರೆಂದು ಎಣಿಸಲ್ಪಟ್ಟಿದ್ದರು. ಜೈಲಿಗೆ ಹೋಗಲು ಸಿದ್ಧರೆಂದು ತೋರಿಸಲು ಅವರು ಹಲ್ಲುಜ್ಜುವ ಬ್ರಷ್ಷುಗಳನ್ನು ಜೊತೆಗೆ ತಂದಿದ್ದರು. ಷೆರಿಫ್ ಜಿಮ್ ಕ್ಲಾರ್ಕ್ ಈ ಶಿಕ್ಷಕರನ್ನು ಮೆಟ್ಟಿಲುಗಳಿಂದ ಕೆಳಕ್ಕೆ ತಳ್ಳಿಸಿದ. ಅವರು ಮತ್ತೆ ಹತ್ತಿದರು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು, ಓದುಬರಹದ ಪರೀಕ್ಷೆ ನಿಂತಿತು. ಮರುವರ್ಷದ ಚುನಾವಣೆಯಲ್ಲಿ ಕ್ಲಾರ್ಕ್ ಸೋತ.

ನಮ್ಮ ತಾಯಿಯೂ ಶಾಲಾ ಶಿಕ್ಷಕಿಯಾಗಿದ್ದವರು. ತಂಗಿ ಆ ಮೆಟ್ಟಿಲುಗಳನ್ನು ನೋಡುತ್ತಾ, “ಅಕ್ಕಾ, ಅವ್ವ ಇದ್ದಿದ್ದರೆ ಅವರ ಸಂಗಾಟ ಹೋಗ್ತಿದ್ಲು,” ಎಂದಳು. ನಾವಿಬ್ಬರೂ ಮೆಟ್ಟಿಲು ಹತ್ತಿ, ಮುಚ್ಚಿದ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ನಿಂತು ಇಳಿದು ಬಂದೆವು.